ಮನೆಯ ಹಳೆಯ ದೇವರ ಪಟ ಎಲ್ಲಿಯದು, ಯಾವ ಕಾಲದ್ದು, ಬೆಲೆ ಎಷ್ಟು: ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಮೂರ್ನಾಲ್ಕು ತಲೆಮಾರಿನಿಂದ ಉಳಿದು ಬಂದ ದೇವರ ಪಟಗಳು ಸಾಮಾನ್ಯವಾಗಿ ನಾಲ್ಕು ಬಗೆಯವು: ಚಿನ್ನದ ರೇಕಿನ ಮೈಸೂರು ಶೈಲಿಯ ಚಿತ್ರ, ಕಲ್ಲು ಕೂರಿಸಿದ ತಂಜಾವೂರು ಚಿತ್ರ, ಗಾಜಿನ ಹಿಂಬದಿಯಲ್ಲಿ ಬರೆದ ಚಿತ್ರ, ಮತ್ತು ರವಿವರ್ಮ ಪ್ರೆಸ್ಸಿನಂಥ ಮುದ್ರಣಾಲಯಗಳ ಅಚ್ಚಿನ ಪಟ. ಉತ್ತರಕ್ಕೆ ಹೋದರೆ ಸುರಪುರದ ಸೂಕ್ಷ್ಮ ಕೆಲಸದ ಚಿತ್ರಗಳೂ ಸಿಗುತ್ತವೆ. ಇವುಗಳಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವ ಮೊದಲೇ ಬೆಲೆ ವಿಚಾರಿಸಲು ಹೊರಟರೆ ಅಂಗಡಿಯವನು ಹೇಳಿದ್ದೇ ಬೆಲೆಯಾಗುತ್ತದೆ. ಮೊದಲು ಮೂಲ, ಆಮೇಲೆ ವಯಸ್ಸು, ಕೊನೆಗೆ ಬೆಲೆ. ಈ ಕ್ರಮ ತಪ್ಪಬಾರದು.

ಒರೆಸಬೇಡಿ

ಹಳೆಯ ಪಟಗಳು ಹಾಳಾಗುವುದು ಹೆಚ್ಚಾಗಿ ಯಾರೋ ಪ್ರೀತಿಯಿಂದ ಒರೆಸಲು ಹೋದಾಗ. ಮೈಸೂರು ಶೈಲಿಯ ಬಣ್ಣಗಳನ್ನು ಗೋಂದಿನಲ್ಲಿ ಕಲಸಿರುತ್ತಾರೆ. ಒದ್ದೆ ಹತ್ತಿ ತಾಗಿದರೆ ಮಸಿಯ ಜೊತೆ ಬಣ್ಣವೂ ಎದ್ದು ಬರುತ್ತದೆ. ಮುಖದ ಕಣ್ಣು, ಹುಬ್ಬು, ಒಡವೆಯ ಕಪ್ಪು ಗೆರೆಗಳನ್ನು ಕಟ್ಟಕಡೆಗೆ ಬರೆಯುವುದರಿಂದ ಮೊದಲು ಹೋಗುವುದೂ ಅವೇ. ಗಾಜಿನ ಚಿತ್ರದಲ್ಲಿ ಬಣ್ಣ ಇರುವುದು ಗಾಜಿನ ಒಳಬದಿಗೆ. ಮುಂದಿನ ಗಾಜನ್ನು ಒಣ ಬಟ್ಟೆಯಿಂದ ಒರೆಸಬಹುದು, ಹಿಂಬದಿಯನ್ನು ಬೆರಳಿನಿಂದಲೂ ಮುಟ್ಟಬಾರದು. ನಿಂಬೆರಸ, ಆಲೂಗಡ್ಡೆ ಹೋಳು, ಬ್ರೆಡ್ಡು, ಸ್ಯಾನಿಟೈಸರ್, ಸೀಮೆಎಣ್ಣೆ ಎಂದು ಯಾರು ಏನೇ ಸಲಹೆ ಕೊಟ್ಟರೂ ಬೇಡ. ಧೂಳಿದ್ದರೆ, ಬಣ್ಣ ಎಲ್ಲಿಯೂ ಹಕ್ಕಳೆ ಎದ್ದಿಲ್ಲ ಎಂದು ಖಚಿತವಾದ ಮೇಲೆ, ಒಣಗಿದ ಮೃದು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರಿ. ಅಷ್ಟೇ.

ಇನ್ನೊಂದು ಎಚ್ಚರಿಕೆ. ಹಳೆಯ ಬಣ್ಣಗಳಲ್ಲಿ ಸೀಸದ ಬಿಳಿ, ಪಾದರಸದ ಇಂಗಲೀಕ, ಆರ್ಸೆನಿಕ್ ಇರುವ ಹರಿತಾಳ ಇರುತ್ತವೆ. ಉದುರಿದ ಪುಡಿಯನ್ನು ಊದಬೇಡಿ, ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಮೇಜಿನ ಮೇಲಿಟ್ಟು ಪರೀಕ್ಷಿಸಬೇಡಿ. ಉದುರಿದ ಚೂರುಗಳಿದ್ದರೆ ಎಸೆಯದೆ ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮುಂದೆ ದುರಸ್ತಿಗೂ ಪರೀಕ್ಷೆಗೂ ಬೇಕಾಗುತ್ತವೆ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ (ಅಕ್ಕಸಾಲಿಗರು ಬಳಸುವಂಥದ್ದೇ ಸಾಕು), 365 ನ್ಯಾನೋಮೀಟರ್‌ನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್, ಸಾಮಾನ್ಯ ಟಾರ್ಚ್, ಅಳತೆ ಟೇಪು, ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್. ಯುವಿ ಟಾರ್ಚ್ ಕೊಳ್ಳುವಾಗ ತರಂಗದ ಅಳತೆ ನೋಡಿಕೊಳ್ಳಿ. ಕಡಿಮೆ ಬೆಲೆಗೆ ಸಿಗುವ 395ರ ಟಾರ್ಚು ನೇರಳೆ ಬೆಳಕನ್ನೇ ಹೆಚ್ಚು ಚೆಲ್ಲುವುದರಿಂದ ಸೂಕ್ಷ್ಮ ಹೊಳಪು ಕಾಣುವುದಿಲ್ಲ. ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ.

ಹಂತ 1: ಇದ್ದದ್ದು ಇದ್ದಂತೆ ದಾಖಲಿಸಿ

ಗೋಡೆಯಿಂದ ಇಳಿಸುವ ಮೊದಲೇ ಒಂದು ಫೋಟೊ ತೆಗೆಯಿರಿ. ಆಮೇಲೆ ಮುಂಭಾಗ, ಹಿಂಭಾಗ, ನಾಲ್ಕು ಮೂಲೆ, ಯಾವುದೇ ಬರಹ, ಚೀಟಿ, ಮುದ್ರೆ, ಮೊಳೆ, ಇವುಗಳದ್ದು ಬೇರೆ ಬೇರೆ ಫೋಟೊ. ಕಿಟಕಿಯ ಹಗಲು ಬೆಳಕು ಸಾಕು, ಫ್ಲ್ಯಾಷ್ ಬೇಡ; ಚಿನ್ನದ ರೇಕು ಫ್ಲ್ಯಾಷಿಗೆ ಬೆಳ್ಳಗೆ ಸುಟ್ಟಂತೆ ಬೀಳುತ್ತದೆ. ಒಂದು ಫೋಟೊವನ್ನು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಟದ ಪಕ್ಕದಿಂದ ಓರೆಯಾಗಿ ಹಿಡಿದು ತೆಗೆಯಿರಿ. ಗೆಸ್ಸೊದ (ಚಿನ್ನದ ರೇಕಿನ ಕೆಳಗೆ ಹಾಕುವ ಲೇಪದ) ಉಬ್ಬು, ಎದ್ದ ಹಕ್ಕಳೆ, ತೇಪೆ ಹಾಕಿದ ಜಾಗ ಎಲ್ಲವೂ ನೆರಳಿನಲ್ಲಿ ಎದ್ದು ಕಾಣುತ್ತವೆ.

ಅಳತೆಯನ್ನು ಸೆಂಟಿಮೀಟರಿನಲ್ಲೂ ಇಂಚಿನಲ್ಲೂ ಬರೆದುಕೊಳ್ಳಿ: ಚಿತ್ರದ್ದು ಬೇರೆ, ಚೌಕಟ್ಟಿನದು ಬೇರೆ. ಹರಾಜು ದಾಖಲೆಗಳ ಜೊತೆ ಹೋಲಿಸುವಾಗ ಚೌಕಟ್ಟು ಸೇರಿಸಿದ ಅಳತೆ ಕೊಟ್ಟು ಮೋಸ ಹೋಗುವವರು ಬಹಳ.

ಹಂತ 2: ಕೈಯಲ್ಲಿ ಬರೆದದ್ದೋ, ಅಚ್ಚಿನದೋ

ಬೆಲೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಕವಲು ಇನ್ನೊಂದಿಲ್ಲ. 2023ರಲ್ಲಿ ರವಿವರ್ಮನ ಯಶೋದಾ-ಕೃಷ್ಣ ತೈಲಚಿತ್ರ ಮುಂಬೈಯ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಆ ಸುದ್ದಿ ಓದಿದ ಎಷ್ಟೋ ಮನೆಯವರು ತಮ್ಮ ಗೋಡೆಯ ಸರಸ್ವತಿಯನ್ನು ನೋಡಿ ಕನಸು ಕಂಡಿರಬಹುದು. ಆದರೆ ಮನೆಗಳಲ್ಲಿ ಇರುವುದು ಬಹುತೇಕ ಆತನ ಚಿತ್ರದ ಅಚ್ಚು. ಮೂಲೆಯಲ್ಲಿ ರವಿವರ್ಮನ ಸಹಿ ಇದ್ದರೂ ಅದೂ ಅಚ್ಚೇ.

ಮುಖದ ಮೇಲೆ, ಕೆನ್ನೆ ಗಲ್ಲ ಸೇರುವಲ್ಲಿ, ಲೂಪ್ ಇಟ್ಟು ನೋಡಿ.

ಕೈಯಲ್ಲಿ ಬರೆದದ್ದಾದರೆ ಬಣ್ಣ ಬಿಡದೆ ಹರಡಿರುತ್ತದೆ. ಕುಂಚದ ಎಳೆ, ಒಂದರ ಮೇಲೊಂದು ಬಂದ ಪದರ, ಗೆರೆ ದಪ್ಪವಾಗಿ ತೊಡಗಿ ತೆಳ್ಳಗೆ ಮುಗಿಯುವುದು ಕಾಣುತ್ತದೆ.

ಹಳೆಯ ಕಲ್ಲಚ್ಚಾದರೆ ಸಣ್ಣ ಸಣ್ಣ ಚುಕ್ಕಿಗಳು ಸಾಲು ಹಿಡಿಯದೆ, ಒಂದೊಂದು ಒಂದೊಂದು ಆಕಾರದಲ್ಲಿ ಚೆಲ್ಲಿರುತ್ತವೆ. ಪ್ರತಿ ಬಣ್ಣಕ್ಕೂ ಬೇರೆ ಕಲ್ಲಿನ ಮೇಲೆ ಕುಶಲಕರ್ಮಿಗಳು ಕೈಯಿಂದಲೇ ಚುಕ್ಕಿ ಇಟ್ಟು ಅಚ್ಚು ತಯಾರಿಸುತ್ತಿದ್ದರು. ಕೆಲವಕ್ಕೆ ಮೇಲೆ ವಾರ್ನಿಷ್ ಬಳಿದು, ಕ್ಯಾನ್ವಾಸಿನ ಹೆಣಿಗೆ ಮೂಡುವಂತೆ ಒತ್ತಿ, ತೈಲಚಿತ್ರದ ಹಾಗೆ ಕಾಣುವಂತೆ ಮಾಡುತ್ತಿದ್ದರು. ಆದ್ದರಿಂದ ಮೇಲ್ಮೈ ಒರಟಾಗಿದೆ ಎಂದ ಮಾತ್ರಕ್ಕೆ ತೈಲಚಿತ್ರ ಎನ್ನಬೇಡಿ, ಚುಕ್ಕಿಯನ್ನೇ ಹುಡುಕಿ.

ಇತ್ತೀಚಿನ ಆಫ್‌ಸೆಟ್ ಮುದ್ರಣವಾದರೆ ಚುಕ್ಕಿಗಳು ಕ್ರಮಬದ್ಧವಾಗಿ, ನಾಲ್ಕೇ ಬಣ್ಣದಲ್ಲಿ, ಪುಟ್ಟ ಹೂವಿನ ಆಕಾರದ ಗುಂಪುಗಳಾಗಿ ಕಾಣುತ್ತವೆ. ಇಂಕ್‌ಜೆಟ್ ಆದರೆ ತುಂತುರು ಸಿಂಪಡಿಸಿದ ಹಾಗೆ.

ಈಗ ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಹಿಡಿಯಿರಿ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಕಾಗದದ ಅಂಚು ನೀಲಿ-ಬಿಳಿಯಾಗಿ ಝಗ್ಗನೆ ಹೊಳೆದರೆ ಅದು ರವಿವರ್ಮನ ಕಾಲದ ಅಚ್ಚಲ್ಲ, ಮುಖದಲ್ಲಿ ಎಷ್ಟೇ ಹಳದಿ ಕಂದು ಇದ್ದರೂ. ಆ ಕಂದು ಚಹಾ ನೀರಿನದಿರಬಹುದು. ನಿಜವಾಗಿ ಮಾಗಿದ ಕಾಗದದಲ್ಲಿ ಚೌಕಟ್ಟಿನ ತುಟಿಯಡಿ ಅಡಗಿದ್ದ ಅಂಚಿಗೂ ಬೆಳಕು ಬಿದ್ದ ಭಾಗಕ್ಕೂ ಬಣ್ಣದ ವ್ಯತ್ಯಾಸ ಇರುತ್ತದೆ. ಮುಂದೆ ಹಿಂದೆ ಅಂಚು ನಡು ಎಲ್ಲೆಡೆ ಒಂದೇ ಕಂದು ಇದ್ದರೆ ಸಂಶಯಪಡಿ.

ಅಚ್ಚಿನ ಪಟ ಎಂದು ತೀರ್ಮಾನವಾದರೆ ಕೆಳಗಿನ ಅಂಚಿನ ಬರಹವೇ ಅದರ ಜಾತಕ. ರವಿವರ್ಮ ಪ್ರೆಸ್ 1894ರಲ್ಲಿ ಬಾಂಬೆಯಲ್ಲಿ ಶುರುವಾಯಿತು. 1899ರ ಸುಮಾರಿಗೆ ಲೋಣಾವಳ ಹತ್ತಿರದ ಮಳವಳಿಗೆ ಹೋಯಿತು. ಮುಂದೆ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡರು. ಹಾಗಾಗಿ ಬಾಂಬೆ ಎಂದಷ್ಟೇ ಇರುವ ಅಚ್ಚುಗಳು ಮೊದಲ ಕೆಲವು ವರ್ಷದವು ಎಂದು ಊಹಿಸಬಹುದು, ಕಾರ್ಲಾ (ಮಳವಳಿಯ ಪಕ್ಕದ ಊರು) ಅಥವಾ ಲೋಣಾವಳ ಎಂದಿದ್ದರೆ ಆಮೇಲಿನವು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಪ್ರೆಸ್ ದಶಕಗಟ್ಟಲೆ ಆತನ ಚಿತ್ರಗಳನ್ನೂ ಇತರರ ಚಿತ್ರಗಳನ್ನೂ ಮುದ್ರಿಸಿತು. ಪ್ರೆಸ್ಸಿನ ಹೆಸರು ಇದ್ದರೆ ಸಾಲದು, ಚಿತ್ರ ಯಾರದೆಂದೂ ನೋಡಬೇಕು. ಬಾಂಬೆಯ ಮೋತಿ ಬಜಾರಿನ ಅನಂತ ಶಿವಾಜಿ ದೇಸಾಯಿ, ಪುಣೆಯ ಚಿತ್ರಶಾಲಾ ಪ್ರೆಸ್, ಕಲ್ಕತ್ತಾ ಆರ್ಟ್ ಸ್ಟುಡಿಯೋ, ಜರ್ಮನಿಯಲ್ಲಿ ಮುದ್ರಿತ ಎಂಬ ಬರಹಗಳೂ ಸಿಗುತ್ತವೆ. ಚೌಕಟ್ಟಿಗೆ ಹೊಂದಲಿ ಎಂದು ಈ ಅಂಚನ್ನೇ ಕತ್ತರಿಸಿದ ಪಟಗಳು ಬಹಳ. ಅಂಚು ಹೋದರೆ ಪುರಾವೆಯೂ ಹೋಯಿತು, ಬೆಲೆಯೂ ಇಳಿಯಿತು.

ಸೀರೆಗೆ ನಿಜವಾದ ಬಟ್ಟೆ, ಜರಿ, ಚಮಕಿ ಅಂಟಿಸಿ ಹೊಲಿದು ಸಿಂಗರಿಸಿದ ಅಚ್ಚುಗಳು ನಮ್ಮ ಕಡೆ ಉಂಟು. ಅವನ್ನು ಹಾಳಾದ ಪಟ ಎಂದು ಬದಿಗಿಡಬೇಡಿ. ಹಳೆಯ ಕೈಕೆಲಸವಾಗಿದ್ದರೆ ಸಾದಾ ಅಚ್ಚಿಗಿಂತ ಅದನ್ನೇ ಹುಡುಕುವ ಸಂಗ್ರಾಹಕರಿದ್ದಾರೆ. ದಾರವನ್ನೂ ಯುವಿಯಲ್ಲಿ ನೋಡಿ. ಹೊಳೆದರೆ ಹೊಲಿಗೆ ಇತ್ತೀಚಿನದು.

ಹಂತ 3: ಮೈಸೂರಿನದೋ ತಂಜಾವೂರಿನದೋ

ಚಿನ್ನ ಕಂಡ ಕೂಡಲೇ ತಂಜಾವೂರು ಎನ್ನುವುದು ವ್ಯಾಪಾರಿಗಳ ಅಭ್ಯಾಸ. ಎರಡನ್ನೂ ಬೇರ್ಪಡಿಸಲು ಮೊದಲು ಉಬ್ಬು ನೋಡಿ. ತಂಜಾವೂರಿನಲ್ಲಿ ಸುಣ್ಣದ ಪುಡಿ ಮತ್ತು ಅಂಟಿನ ದಪ್ಪ ಲೇಪ, ಬೆರಳಿಗೆ ಸಿಗುವಷ್ಟು ಉಬ್ಬು, ಅದರೊಳಗೆ ಗಾಜಿನ ಕಲ್ಲು, ಕನ್ನಡಿ ಚೂರು. ಮೈಸೂರಿನಲ್ಲಿ ಮಕ್ಕಿ ಸಫೇದ ಎಂಬ ಬಿಳಿ ಪುಡಿ ಮತ್ತು ರೇವಲ್ಚಿನ್ನಿ ಎಂಬ ಹಳದಿ ಗೋಂದು ಸೇರಿಸಿದ ಗೆಸ್ಸೊವನ್ನು ಕುಂಚದಿಂದ ಎಳೆ ಎಳೆಯಾಗಿ ಬರೆಯುತ್ತಾರೆ. ಉಬ್ಬು ಎಷ್ಟು ಸಣ್ಣದೆಂದರೆ ಓರೆ ಬೆಳಕಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಕಲ್ಲು ಕೂರಿಸುವುದಿಲ್ಲ.

ನೆಲೆಯೂ ಬೇರೆ. ತಂಜಾವೂರಿನದು ಹಲಸಿನಂಥ ಮರದ ಹಲಗೆಗೆ ಬಟ್ಟೆ ಅಂಟಿಸಿ ಮಾಡಿದ್ದು, ಕೈಗೆತ್ತಿದರೆ ಭಾರ. ಮೈಸೂರಿನದು ಹೆಚ್ಚಾಗಿ ಕಾಗದದ ಮೇಲೆ ಬರೆದು ಬಟ್ಟೆಗೋ ಹಲಗೆಗೋ ರಟ್ಟಿಗೋ ಅಂಟಿಸಿದ್ದು. ಇನ್ನು ಆಕೃತಿ: ತಂಜಾವೂರಿನ ಬೆಣ್ಣೆಕೃಷ್ಣ ದುಂಡಗೆ, ಚಿತ್ರದ ನಡುವೆ ದೊಡ್ಡದಾಗಿ, ಮಂಟಪ ಪರದೆಗಳ ನಡುವೆ. ಮೈಸೂರಿನಲ್ಲಿ ದೇಹ ತೆಳು, ಒಡವೆ ಸೂಕ್ಷ್ಮ, ಹಿಂದೆ ಆಕಾಶ, ಗಿಡಮರ, ಅರಮನೆಯ ಕಂಬ, ಯುರೋಪಿನ ಮಾದರಿಯ ಕುರ್ಚಿ ಕಾಣಬಹುದು. ಕನ್ನಡ ಲಿಪಿಯ ಬರಹ, ಚಾಮುಂಡೇಶ್ವರಿ, ಮೇಲುಕೋಟೆಯ ಚೆಲುವನಾರಾಯಣ, ನಂಜನಗೂಡಿನ ಶ್ರೀಕಂಠೇಶ್ವರ ಇದ್ದರೆ ಊರಿನ ಜಾಡು ಸಿಕ್ಕಿದಂತೆ. ಆದರೆ ಶ್ರೀರಾಮ ಪಟ್ಟಾಭಿಷೇಕ ಎರಡೂ ಕಡೆ ಬಂದಿರುವುದರಿಂದ ವಿಷಯವೊಂದನ್ನೇ ನಂಬಬೇಡಿ.

ಹೋಲಿಸಿ ನೋಡಲು ಪುಸ್ತಕದ ಚಿತ್ರ ಸಾಲದು, ಉಬ್ಬು ಅದರಲ್ಲಿ ಕಾಣದು. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹಕ್ಕೂ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಾಂಪ್ರದಾಯಿಕ ಚಿತ್ರಗಳ ಗ್ಯಾಲರಿಗೂ ಹೋಗಿ ಮುಖ, ಕೈಬೆರಳು, ಸೀರೆಯ ನೆರಿಗೆ ಈ ಮೂರನ್ನು ಗಮನವಿಟ್ಟು ನೋಡಿ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ (ಅವರು ತೀರಿಕೊಂಡದ್ದು 1868ರಲ್ಲಿ) ಕೆಲಸಕ್ಕೂ ಇಪ್ಪತ್ತನೇ ಶತಮಾನದ ಕೆಲಸಕ್ಕೂ ಇರುವ ಅಂತರ ಬೆರಳುಗಳಲ್ಲೇ ತಿಳಿಯುತ್ತದೆ.

ಸಹಿ ಹುಡುಕುವುದರಲ್ಲಿ ಹೊತ್ತು ಕಳೆಯಬೇಡಿ. ಸಾಂಪ್ರದಾಯಿಕ ಮೈಸೂರು ಚಿತ್ರಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ. ಹತ್ತೊಂಬತ್ತನೇ ಶತಮಾನದ್ದೆಂದು ತೋರಿಸುವ ಪಟದಲ್ಲಿ ದೊಡ್ಡ ಸಹಿ ಇದ್ದರೆ, ಅದು ವಾರ್ನಿಷ್ ಅಥವಾ ಬಿರುಕಿನ ಮೇಲೆ ಹರಿದಿದೆಯೇ ಎಂದು ಲೂಪಿನಲ್ಲಿ ನೋಡಿ. ಹಳೆಯ ಸಹಿ ಬಿರುಕಿನ ಜೊತೆ ಒಡೆದಿರುತ್ತದೆ, ಆಮೇಲೆ ಹಾಕಿದ್ದು ಬಿರುಕಿನೊಳಗೆ ಇಳಿದಿರುತ್ತದೆ.

ಹಂತ 4: ಪಟದ ಬೆನ್ನು ಓದಿ

ಮುಂಭಾಗ ನೋಡಿ ಹೇಳುವ ವಯಸ್ಸು ಅಂದಾಜು, ಹಿಂಭಾಗ ಕೊಡುವುದು ಪುರಾವೆ. ಒಂದು ನಿಯಮ ಮಾತ್ರ ನೆನಪಿರಲಿ: ಚಿತ್ರ, ಚೌಕಟ್ಟು, ಬೆನ್ನಿನ ಹಲಗೆ, ಮೊಳೆ, ಚೀಟಿ, ಒಂದೊಂದಕ್ಕೂ ಅದರದರದೇ ವಯಸ್ಸು. 1880ರ ಚಿತ್ರಕ್ಕೆ 1960ರ ಚೌಕಟ್ಟು ಇರಬಹುದು. ಹಳೆಯ ಚೌಕಟ್ಟಿಗೆ ಹೊಸ ಚಿತ್ರ ಕೂರಿಸಿ ಮಾರುವುದೂ ನಡೆಯುತ್ತದೆ. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ‘ಇದಕ್ಕಿಂತ ಹಿಂದಿನದಲ್ಲ’, ‘ಇದಕ್ಕಿಂತ ಈಚಿನದಲ್ಲ’ ಎಂದು ಎರಡು ಅಂಕಣ ಮಾಡಿ.

ಚೌಕಟ್ಟಿನ ಅಂಗಡಿಯ ಚೀಟಿ ಇದ್ದರೆ ಅದೃಷ್ಟ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ ಹೆಚ್ಚಾಗಿ 1973ರ ನವೆಂಬರ್‌ಗಿಂತ ಮೊದಲಿನದು, ಕರ್ನಾಟಕ ಎಂದಿದ್ದರೆ ಆಮೇಲಿನದು. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರೊಳಗಿನದು. ಚಿತ್ರದ ಹಿಂದೆ ತುಂಬಿದ ಹಳೆಯ ಪತ್ರಿಕೆಯ ಹಾಳೆಯನ್ನು ಎಂದೂ ಎಸೆಯಬೇಡಿ. ತಾರೀಕು ಹರಿದುಹೋಗಿದ್ದರೂ ಸಿನಿಮಾ ಜಾಹೀರಾತು, ಚುನಾವಣೆಯ ಸುದ್ದಿಯಿಂದ ವರ್ಷ ಹಿಡಿಯಬಹುದು.

ಬೆನ್ನಿಗೆ ಹಾರ್ಡ್‌ಬೋರ್ಡ್ ಇದ್ದರೆ ಆ ಹಲಗೆ 1920ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಆ ವಸ್ತು ಆಗ ಇರಲೇ ಇಲ್ಲ. ನಕ್ಷತ್ರದ ತಲೆಯ ಸ್ಕ್ರೂ 1930ರ ದಶಕದ ನಂತರದ್ದು. ಕಾಗದದ ಚಿತ್ರ ಸಡಿಲವಾಗಿದ್ದರೆ ಬೆಳಕಿಗೆ ಹಿಡಿದು ನೀರ್ಗುರುತು ನೋಡಿ. ವ್ಹಾಟ್‌ಮನ್‌ನಂಥ ಇಂಗ್ಲಿಷ್ ಕಾಗದದಲ್ಲಿ ಕೆಲವೊಮ್ಮೆ ತಯಾರಾದ ವರ್ಷವೇ ಇರುತ್ತದೆ. ಅದು ಕಾಗದದ ವರ್ಷ, ಚಿತ್ರ ಅದಕ್ಕಿಂತ ಈಚಿನದು. ಅಂಟಿದ ಕಾಗದವನ್ನು ನೋಡುವ ಆಸೆಗೆ ಬಿಡಿಸಲು ಹೋಗಬೇಡಿ.

ಹಂತ 5: ಬಣ್ಣ ಮತ್ತು ರೇಕು

ಅಪ್ಪಟ ಚಿನ್ನದ ರೇಕು ನೂರೈವತ್ತು ವರ್ಷ ಕಳೆದರೂ ಬಣ್ಣ ಬಿಡುವುದಿಲ್ಲ. ಮೇಲೆ ದೀಪದ ಮಸಿ ಕೂತಿರುತ್ತದೆ, ಅಷ್ಟೇ. ಹಿತ್ತಾಳೆಯ ನಕಲಿ ರೇಕು ಹಸಿರು ಅಥವಾ ಕಂದು ತಿರುಗುತ್ತದೆ. ಬೆಳ್ಳಿ ಕಪ್ಪಾಗುತ್ತದೆ.

ಯುವಿ ಬೆಳಕಿನಲ್ಲಿ ಸುತ್ತಲಿನ ಮೇಲ್ಮೈ ಮಂಕಾಗಿ ಹೊಳೆಯುತ್ತಿರುವಾಗ ನಡುವೆ ಕಪ್ಪು ತೇಪೆ ಕಂಡರೆ ಅಲ್ಲಿ ಆಮೇಲೆ ಬಣ್ಣ ತುಂಬಿದ್ದಾರೆ. ಮೂಲೆಯಲ್ಲಿ ನಾಲ್ಕಾರು ತೇಪೆ ಇದ್ದರೆ ಚಿಂತೆಯಿಲ್ಲ. ದೇವರ ಮುಖವೇ ತೇಪೆಯಾಗಿದ್ದರೆ ಬೆಲೆ ಬಹಳ ಕುಸಿಯುತ್ತದೆ.

ದೊಡ್ಡ ಮೊತ್ತದ ಪ್ರಶ್ನೆ ಇದ್ದರೆ ಎಕ್ಸ್‌-ಕಿರಣದ ಎಕ್ಸ್‌ಆರ್‌ಎಫ್ ಪರೀಕ್ಷೆ ಮಾಡಿಸಬಹುದು. ಚಿತ್ರಕ್ಕೆ ಗಾಯವಾಗದೆ ಬಣ್ಣದೊಳಗಿನ ಲೋಹಗಳು ತಿಳಿಯುತ್ತವೆ. ಬಿಳಿಯಲ್ಲಿ ಸೀಸ ಸಿಕ್ಕರೆ ಹಳೆಯದಿರಬಹುದು, ಈಚಿನದೂ ಇರಬಹುದು. ಟೈಟಾನಿಯಂ ಬಿಳಿ ಸಿಕ್ಕರೆ ಆ ಜಾಗದ ಬಣ್ಣ 1920ರ ಸುಮಾರಿನಿಂದ ಈಚಿನದು. ಹಾಗಾಗಿ ಈ ಪರೀಕ್ಷೆ ‘ಹಳೆಯದಲ್ಲ’ ಎಂದು ಸಾಧಿಸಬಲ್ಲದು, ‘ಹಳೆಯದೇ’ ಎಂದು ಒಂದೇ ಏಟಿಗೆ ಸಾಧಿಸಲಾರದು. ಒಂದೇ ಕಡೆ ಅಲ್ಲ, ಮುಖ, ಹಿನ್ನೆಲೆ, ಅಂಚು ಹೀಗೆ ಹಲವು ಕಡೆ ಅಳೆಸಿ. ಇಲ್ಲದಿದ್ದರೆ ದುರಸ್ತಿಯ ಬಣ್ಣವನ್ನೇ ಚಿತ್ರದ ವಯಸ್ಸೆಂದು ತಿಳಿಯುತ್ತೀರಿ.

ಸಂರಕ್ಷಣೆಗೆ ಮತ್ತು ಇಂಥ ಪರೀಕ್ಷೆಯ ಸಲಹೆಗೆ ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇವೆ.

ಹಂತ 6: ಕೈಬದಲಾದ ಹಾದಿ

ಪಟ ಯಾರಿಂದ ಯಾರಿಗೆ ಬಂತು ಎಂಬುದಕ್ಕೆ ಕಾಗದ ಬೇಕು. ‘ಅರಮನೆಯಿಂದ ಬಂದದ್ದು’ ಎಂಬ ಮಾತು ಹಲವಾರು ಮನೆಗಳಲ್ಲಿದೆ; ಕೊಳ್ಳುವವನು ಅದಕ್ಕೆ ದಾಖಲೆ ಕೇಳುತ್ತಾನೆ. ಮನೆಯ ವಿಭಾಗಪತ್ರ, ಮರಣಶಾಸನ, ಹಳೆಯ ಲೆಕ್ಕದ ಪುಸ್ತಕ, ದಸರಾ ವಸ್ತುಪ್ರದರ್ಶನದ ಪ್ರಶಸ್ತಿಪತ್ರ, ಅರಮನೆ ನೌಕರಿಯ ಕಾಗದ ಹುಡುಕಿ. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಹಳೆಯ ಮದುವೆ, ಸೀಮಂತ, ಗೊಂಬೆ ಹಬ್ಬದ ಫೋಟೊಗಳು. ಹಿಂದಿನ ಗೋಡೆಯಲ್ಲಿ ಪಟ ಕಂಡು, ಫೋಟೊದ ವರ್ಷ ಗೊತ್ತಿದ್ದರೆ, ‘ಇದಕ್ಕಿಂತ ಈಚಿನದಲ್ಲ’ ಎಂಬ ಅಂಕಣ ತುಂಬಿತು. ಮನೆಯ ಹಿರಿಯರ ಮಾತನ್ನು ತಾರೀಕು ಹಾಕಿ ರೆಕಾರ್ಡ್ ಮಾಡಿ. ಕೇಳುವಾಗ ‘ಇದು ನೂರು ವರ್ಷದ್ದಲ್ಲವೇ ಅಜ್ಜಿ’ ಎಂದು ಉತ್ತರವನ್ನು ಬಾಯಿಗಿಡಬೇಡಿ. ‘ನೀವು ಮದುವೆಯಾಗಿ ಬಂದಾಗ ಇದು ಎಲ್ಲಿತ್ತು’ ಎಂದು ಕೇಳಿ.

ಹಂತ 7: ಮಾರುವ, ಸಾಗಿಸುವ ಮೊದಲು ಕಾನೂನು

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಿತ್ರ ಪುರಾತನ ವಸ್ತು. ಇಂಥ ಚಿತ್ರಗಳನ್ನು ನೋಂದಾಯಿಸಬೇಕು. ಫೋಟೊ ಸಹಿತ ಅರ್ಜಿ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ. ನೋಂದಾಯಿಸಿದರೆ ಸರಕಾರ ಪಟವನ್ನು ಕಿತ್ತುಕೊಳ್ಳುತ್ತದೆ ಎಂದು ಹೆದರುವವರಿದ್ದಾರೆ. ಪಟ ನಿಮ್ಮ ಮನೆಯಲ್ಲೇ, ನಿಮ್ಮ ಒಡೆತನದಲ್ಲೇ ಇರುತ್ತದೆ. ಕೈಬದಲಾದಾಗ ತಿಳಿಸಬೇಕು. ದೇಶದೊಳಗೆ ಮಾರಬಹುದು, ಆದರೆ ಪುರಾತನ ವಸ್ತುಗಳ ವ್ಯಾಪಾರ ನಡೆಸುವವನಿಗೆ ಪರವಾನಗಿ ಇರಬೇಕು. ಕೊಡುವ ಮೊದಲು ಅದನ್ನು ಕೇಳಿ ನೋಡಿ.

ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಮಕ್ಕಳು ಅಜ್ಜಿಯ ಪಟವನ್ನು ಸೂಟ್‌ಕೇಸಿನಲ್ಲಿಟ್ಟು ಹೊರಟರೆ ಅದು ರಫ್ತೇ, ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಪಟ ನೂರು ವರ್ಷದ್ದಲ್ಲ, ನೋಡಲು ಮಾತ್ರ ಹಳೆಯದು ಎಂದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದು ಜೊತೆಗಿಟ್ಟುಕೊಳ್ಳಿ. ರವಿವರ್ಮನ ಮೂಲ ಕೃತಿಗಳು ಕಲಾನಿಧಿ ಎಂದು ಘೋಷಿತವಾಗಿರುವುದರಿಂದ ಅವಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ, ಹೊರಗೆ ಹೋಗುವಂತಿಲ್ಲ.

ಹಂತ 8: ಬೆಲೆ

ಒಂದೇ ಪಟಕ್ಕೆ ಬೆಲೆ ಹಲವು: ವಿಮೆಗೆ ಬರೆಸುವುದು, ಅಂಗಡಿಯಲ್ಲಿ ಇಟ್ಟಿರುವುದು, ಹರಾಜಿನಲ್ಲಿ ಬರುವುದು, ನಿಮ್ಮ ಕೈಗೆ ಸಿಗುವುದು. ನಾಲ್ಕೂ ಬೇರೆ. ಅಂಗಡಿಯಲ್ಲಿ ಹಾಕಿದ ಬೆಲೆಯನ್ನೂ ಜಾಲತಾಣದಲ್ಲಿ ಯಾರೋ ಕೇಳುತ್ತಿರುವ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನಿಜವಾಗಿ ಮಾರಾಟವಾದದ್ದನ್ನು ಮಾತ್ರ ಹಿಡಿಯಿರಿ. ಸ್ಯಾಫ್ರನ್‌ಆರ್ಟ್, ಪಂಡೋಲ್ಸ್, ಆಸ್ಟಾಗುರು ಮೊದಲಾದ ಹರಾಜು ಸಂಸ್ಥೆಗಳ ಹಿಂದಿನ ಫಲಿತಾಂಶಗಳಲ್ಲಿ ನಿಮ್ಮದೇ ಬಗೆ, ಸುಮಾರು ಅದೇ ಅಳತೆ, ಅದೇ ಕಾಲದ ಕೆಲವು ಪಟಗಳನ್ನು ಆರಿಸಿ. ಮಾರಾಟವಾಗದೆ ಉಳಿದವುಗಳನ್ನೂ ಬರೆದುಕೊಳ್ಳಿ, ಅವುಗಳ ಅಂದಾಜು ಬೆಲೆ ಹೆಚ್ಚಾಯಿತು ಎಂಬುದೇ ಒಂದು ಮಾಹಿತಿ. ಹೊರದೇಶದ ಹರಾಜಿನ ಬೆಲೆಯನ್ನು ಹಾಗೆಯೇ ತರಬೇಡಿ. ರಫ್ತು ನಿಷೇಧದಿಂದ ಇಲ್ಲಿನ ಪಟಕ್ಕೆ ಕೊಳ್ಳುವವರು ಇಲ್ಲಿನವರು ಮಾತ್ರ.

ಪ್ರಕಟಿತ ಬೆಲೆಯಲ್ಲಿ ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಶುಲ್ಕ ಸೇರಿದೆಯೇ ಎಂದು ನೋಡಿ. ಉದಾಹರಣೆಗೆ ಶುಲ್ಕ ಶೇ. 20 ಎಂದಿಟ್ಟುಕೊಳ್ಳಿ. 6 ಲಕ್ಷ ಎಂದು ಪ್ರಕಟವಾದದ್ದರಲ್ಲಿ ಸುತ್ತಿಗೆ ಬಿದ್ದದ್ದು 5 ಲಕ್ಷಕ್ಕೆ. ಮಾರುವವನ ಕಮಿಷನ್ ಶೇ. 10 ಆದರೆ ಕೈಗೆ ಬರುವುದು ನಾಲ್ಕೂವರೆ ಲಕ್ಷ, ಅದರಲ್ಲಿ ಫೋಟೊ, ಸಾಗಣೆ, ವಿಮೆಯ ಖರ್ಚು ಬೇರೆ. ಈ ದರಗಳನ್ನು ಒಪ್ಪಂದಕ್ಕೆ ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ, ಅದಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಕನಿಷ್ಠ ಬೆಲೆಯನ್ನೂ ಬರೆಸಿ.

ಹೋಲಿಸುವಾಗ ಬೆಲೆ ಏರಿಸುವುದು: ಮುಖ ಮತ್ತು ಕೈ ಮೂಲದಲ್ಲಿದ್ದಂತೆ ಉಳಿದಿರುವುದು, ಅಪರೂಪದ ವಿಷಯ, ಒಡೆತನದ ಕಾಗದ, ಅದೇ ಕಾಲದ ಚೌಕಟ್ಟು. ಇಳಿಸುವುದು: ಹೊಸ ಬಣ್ಣ ತುಂಬಿದ್ದು, ಕತ್ತರಿಸಿದ ಅಂಚು, ಗೆದ್ದಲು, ಮುಖದ ಮೇಲೆ ಗಂಧ ಕುಂಕುಮದ ಕಲೆ, ರಟ್ಟಿಗೆ ಫೆವಿಕಾಲ್‌ನಿಂದ ಅಂಟಿಸಿದ್ದು. ಕೊನೆಯದನ್ನು ಸಂರಕ್ಷಕರೂ ಬಿಡಿಸಲು ಹೆಣಗುತ್ತಾರೆ.

ಮೌಲ್ಯಮಾಪಕರನ್ನು ಆರಿಸುವಾಗ ನೋಡಬೇಕಾದ್ದು ಇಷ್ಟೇ: ಬೆಲೆ ಹೇಳುವವನೇ ಕೊಳ್ಳುವವನಾಗಿರಬಾರದು, ಪಟದ ಬೆಲೆಯ ಶೇಕಡಾವಾರು ಶುಲ್ಕ ಕೇಳಬಾರದು, ವರದಿಯಲ್ಲಿ ಯಾವ ಮಾರಾಟಗಳನ್ನು ಆಧಾರ ಮಾಡಿಕೊಂಡಿದ್ದಾರೆ ಎಂದು ಇರಬೇಕು. ಮಾರುವ ಉದ್ದೇಶವಿದ್ದರೆ ಇನ್ನೊಂದು ವರದಿಯೂ ಬೇಕಾಗಬಹುದು. ಆದಾಯ ತೆರಿಗೆಯಲ್ಲಿ ಚಿತ್ರಗಳು ಮನೆಬಳಕೆಯ ಸಾಮಾನಿನ ವಿನಾಯಿತಿಗೆ ಬರುವುದಿಲ್ಲ, ಬಂಡವಾಳ ಆಸ್ತಿ. ಪಿತ್ರಾರ್ಜಿತವಾಗಿ ಬಂದ ಹಳೆಯ ಪಟಕ್ಕೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯೆಂದು ತೋರಿಸಬಹುದು. ಅದನ್ನು ನೋಂದಾಯಿತ ಮೌಲ್ಯಮಾಪಕರಿಂದ ಮಾರಾಟಕ್ಕೆ ಮೊದಲೇ ಬರೆಸಿಕೊಳ್ಳಿ. ಪಟ ಕೈಬಿಟ್ಟ ಮೇಲೆ ಅದರ ಸ್ಥಿತಿ ತೋರಿಸಲು ನಿಮ್ಮ ಬಳಿ ಉಳಿಯುವುದು ಹಂತ 1ರ ಫೋಟೊಗಳು ಮಾತ್ರ.